ಹೆತ್ತವರ ಬಾಲ್ಯ ಮತ್ತು ಹೊರನಾಡಿನ ಮಕ್ಕಳು

ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಬರೆಯುವ ಪ್ರಯತ್ನಗಳು ಸಾಕಷ್ಟು ನಡೆದಿವೆ. ಸಂಘಸಂಸ್ಥೆಗಳ ಬೆಳ್ಳಿಹಬ್ಬ, ಚಿನ್ನದ ಹಬ್ಬ, ಅಮೃತ ಮಹೋತ್ಸವಗಳ ಸ್ಮರಣ ಸಂಚಿಕೆಗಳು, ಉದ್ಯಮಿಗಳ ಹಾಗೂ ಸಮಾಜಸೇವಕರ ಅಭಿನಂದನ ಗ್ರಂಥಗಳು, ವಿಶ್ವವಿದ್ಯಾಲಯದ ಸಂಶೋಧನ ಪ್ರಬಂಧಗಳು ಇವೆಲ್ಲ ಸೇರಿ ಈ ಮಹಾನಗರದಲ್ಲಿ ಕನ್ನಡಿಗರು ನಡೆದುಬಂದ ದಾರಿಯನ್ನು ಬಹುಮಟ್ಟಿಗೆ ದಾಖಲಿಸಿವೆ. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮೈಸೂರು ಅಸೋಸಿಯೇಶನ್, 1927ರಲ್ಲಿ ಬಂಟರ ಸಂಘ ರೂಪುಗೊಂಡ ಬಗೆ, 1942ರಲ್ಲಿ ಮಾಟುಂಗದಲ್ಲಿ ಎ. ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಆರಂಭಿಸಿದ ಕಥೆ, ಕೋಟೆ ವಿಭಾಗದ ರಾತ್ರಿಶಾಲೆಗಳ ಸಾಧನೆ ಇವು ಆಸಕ್ತರಿಗೆ ಅಪರಿಚಿತವಲ್ಲ. ಆದರೆ ಈ ಬರಹಗಳನ್ನು ಒಟ್ಟಾಗಿ ಓದಿದಾಗ ಒಂದು ಕೊರತೆ ಎದ್ದುಕಾಣುತ್ತದೆ. ಇವುಗಳಲ್ಲಿ ವ್ಯಕ್ತಿಯ ಜೀವನ ಆರಂಭವಾಗುವುದು ಆತ ಮುಂಬಯಿಗೆ ಬಂದಿಳಿದ ದಿನದಿಂದ. ಅದಕ್ಕೆ ಹಿಂದಿನ ಹತ್ತು ಹನ್ನೆರಡು ವರ್ಷಗಳು ‘ಕಡುಬಡತನದಲ್ಲಿ ಬಾಲ್ಯವನ್ನು ಕಳೆದ ಇವರು’ ಎಂಬ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತವೆ.

ಆ ಒಂದು ವಾಕ್ಯದ ಹಿಂದೆ ಒಂದು ಲೋಕವೇ ಅಡಗಿದೆ. ಆ ಲೋಕವನ್ನು ಬಲ್ಲವರು ಈಗ ಮನೆಯ ಒಂದು ಮೂಲೆಯಲ್ಲಿ ಕುಳಿತು ಪತ್ರಿಕೆ ಓದುತ್ತಲೋ ದೂರದರ್ಶನ ನೋಡುತ್ತಲೋ ಕಾಲ ಕಳೆಯುತ್ತಿದ್ದಾರೆ. ಅದೇ ಮನೆಯಲ್ಲಿ ಅವರ ಮಕ್ಕಳಿದ್ದಾರೆ, ಮೊಮ್ಮಕ್ಕಳಿದ್ದಾರೆ. ಔಷಧ, ಊಟ, ಬ್ಯಾಂಕು, ಆಸ್ಪತ್ರೆ ಇವುಗಳ ಕುರಿತು ಇವರ ನಡುವೆ ದಿನವೂ ಮಾತು ನಡೆಯುತ್ತದೆ. ನಡೆಯದಿರುವುದು ಒಂದೇ ಮಾತು: ‘ನೀವು ಸಣ್ಣವರಿದ್ದಾಗ ಹೇಗಿತ್ತು?’ ಹೊರನಾಡಿನ ಕನ್ನಡಿಗರ ಮಟ್ಟಿಗೆ ಈ ಪ್ರಶ್ನೆಯು ಕೇವಲ ಮನೆಮಂದಿಯ ಹರಟೆಯ ವಿಷಯವಲ್ಲ. ಇದು ಅವರ ಚರಿತ್ರೆಯ ಮೊದಲ ಅಧ್ಯಾಯದ ಪ್ರಶ್ನೆ. ಹೆತ್ತವರ ಬಾಲ್ಯವನ್ನು ಕೇಳಿ ತಿಳಿಯುವುದು ಮಕ್ಕಳ ಕರ್ತವ್ಯ. ಅದನ್ನು ಆ ಬಾಲ್ಯ ನಡೆದ ಭಾಷೆಯಲ್ಲಿಯೇ ಕೇಳುವುದು ಇನ್ನೂ ದೊಡ್ಡ ಕರ್ತವ್ಯ.

ಇಂದು ಎಪ್ಪತ್ತರಿಂದ ಎಂಬತ್ತೈದರ ಪ್ರಾಯದಲ್ಲಿರುವವರ ಬಾಲ್ಯ ಯಾವ ಕಾಲದ್ದೆಂಬುದನ್ನು ಮೊದಲು ಗಮನಿಸಬೇಕು. ಅವರಲ್ಲಿ ಹಿರಿಯರು ಹುಟ್ಟಿದಾಗ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೂ, ಉತ್ತರ ಕನ್ನಡ, ಧಾರವಾಡ, ಬೆಳಗಾವಿ, ಬಿಜಾಪುರಗಳು ಮುಂಬಯಿ ಪ್ರಾಂತಕ್ಕೂ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಈ ಮಕ್ಕಳು ಕುಳಿತಲ್ಲಿಂದ ಏಳದೆಯೇ ಬೇರೊಂದು ರಾಜ್ಯದ ಶಾಲೆಯ ವಿದ್ಯಾರ್ಥಿಗಳಾದರು. ಕೊಂಕಣ ರೈಲು ಪೂರ್ಣವಾಗಿ ಓಡಲಾರಂಭಿಸಿದ್ದು 1998ರಲ್ಲಿ. ಅದಕ್ಕೆ ನಾಲ್ಕೈದು ದಶಕಗಳ ಹಿಂದೆ ಕರಾವಳಿಯ ಹುಡುಗನೊಬ್ಬ ಮುಂಬಯಿಗೆ ಹೊರಟನೆಂದರೆ ಹಡಗಿನಲ್ಲಿ ಬರಬೇಕಾಗಿತ್ತು, ಇಲ್ಲವೇ ಹೊಳೆಗಳನ್ನು ದೋಣಿಯಲ್ಲಿ ದಾಟುತ್ತ, ಘಟ್ಟ ಹತ್ತುವ ಬಸ್ಸು ಹಿಡಿದು, ಅಲ್ಲಿಂದ ರೈಲು ಬದಲಿಸುತ್ತ ಬರಬೇಕಾಗಿತ್ತು. ಜೊತೆಗೆ ಊರಿನವರೋ ನೆಂಟರೋ ಒಬ್ಬರು ಇರುತ್ತಿದ್ದರು. ಹುಡುಗನ ಪ್ರಾಯ ಹತ್ತು, ಹನ್ನೆರಡು, ಹೆಚ್ಚೆಂದರೆ ಹದಿನಾಲ್ಕು. ಬಂದ ಮರುದಿನದಿಂದಲೇ ಹೋಟೆಲಿನ ಹಿಂಬದಿಯಲ್ಲಿ ಕಪ್ಪುಬಸಿ ತೊಳೆಯುವ ಕೆಲಸ, ಕೆಲವು ತಿಂಗಳ ಮೇಲೆ ಮೇಜು ಒರೆಸುವ ಬಡ್ತಿ, ಆಮೇಲೆ ಮಾಣಿ. ರಾತ್ರಿ ಹೋಟೆಲು ಮುಚ್ಚಿದ ಮೇಲೆ ಅದೇ ಮೇಜುಗಳನ್ನು ಜೋಡಿಸಿ ನಿದ್ರೆ. ಧಣಿಯ ಒಪ್ಪಿಗೆ ದೊರೆತವರು ಸಂಜೆ ರಾತ್ರಿಶಾಲೆಗೆ ಓಡಿದರು.

ಈ ಕಥೆಯ ಉತ್ತರಾರ್ಧವನ್ನು ವೇದಿಕೆಗಳ ಮೇಲೆ ಹೆಮ್ಮೆಯಿಂದ ಹೇಳಲಾಗುತ್ತದೆ. ಹಗಲು ದುಡಿದು ರಾತ್ರಿ ಓದಿ ವಕೀಲರಾದವರ, ಬ್ಯಾಂಕ್ ಅಧಿಕಾರಿಗಳಾದವರ, ಹೋಟೆಲು ಮಾಲೀಕರಾದವರ ಉದಾಹರಣೆಗಳು ಹೇರಳವಾಗಿವೆ. ಆದರೆ ಮನೆಯೊಳಗೆ ಈ ಕಥೆ ಎರಡು ರೂಪಗಳಲ್ಲಿ ಮಾತ್ರ ಪ್ರಕಟವಾಗುತ್ತದೆ. ಒಂದು ಉಪದೇಶ, ಇನ್ನೊಂದು ಮೌನ. ‘ನಮ್ಮ ಕಾಲದಲ್ಲಿ ಬೀದಿದೀಪದ ಕೆಳಗೆ ಓದುತ್ತಿದ್ದೆವು, ನಿಮಗೆ ಎಲ್ಲ ಇದ್ದೂ ಓದಲಿಕ್ಕೆ ಸೋಮಾರಿತನ’ ಎಂಬುದು ಉಪದೇಶದ ಮಾದರಿ. ಇದನ್ನು ಮಕ್ಕಳು ನೂರು ಸಲ ಕೇಳಿದ್ದಾರೆ. ಆದುದರಿಂದಲೇ ತಂದೆಯ ಬಾಲ್ಯದ ಕುರಿತು ತಮಗೆ ಎಲ್ಲವೂ ಗೊತ್ತೆಂದು ಭಾವಿಸಿದ್ದಾರೆ. ವಾಸ್ತವದಲ್ಲಿ ಅವರಿಗೆ ಗೊತ್ತಿರುವುದು ಬಾಲ್ಯವಲ್ಲ, ಬಾಲ್ಯದಿಂದ ತೆಗೆದ ನೀತಿ. ನೀತಿಯಲ್ಲಿ ತಂದೆ ಯಾವಾಗಲೂ ಧೀರ. ಬಾಲ್ಯದಲ್ಲಿ ಆತ ಅತ್ತಿರಬಹುದು, ಓಡಿಹೋಗಲು ಹವಣಿಸಿರಬಹುದು, ಊರಿಗೆ ಕಾಗದ ಬರೆಯಲು ಬಾರದೆ ಬೇರೆಯವರಿಂದ ಬರೆಸಿರಬಹುದು. ಇವನ್ನೆಲ್ಲ ಉಪದೇಶವು ಒಳಗೊಳ್ಳಲಾರದು.

ಮೌನಕ್ಕೆ ಕಾರಣಗಳು ಇನ್ನೂ ಆಳವಾದವು. ಹನ್ನೆರಡನೆಯ ವಯಸ್ಸಿನಲ್ಲಿ ಪಾತ್ರೆ ತೊಳೆದುದನ್ನು ಹೇಳಿಕೊಳ್ಳಲು ಎಲ್ಲರಿಗೂ ಹೆಮ್ಮೆ ಇರುವುದಿಲ್ಲ. ಹಲವರಿಗೆ ನಾಚಿಕೆಯೇ ಇರುತ್ತದೆ. ಸೊಸೆಯ ತವರಿನವರ ಮುಂದೆ, ಅಳಿಯನ ಮುಂದೆ, ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮೊಮ್ಮಕ್ಕಳ ಮುಂದೆ ಆ ನಾಚಿಕೆ ಇಮ್ಮಡಿಯಾಗುತ್ತದೆ. ಇದರ ಜೊತೆಗೆ ಮತ್ತೊಂದು ಇಕ್ಕಟ್ಟೂ ಇದೆ. 1986ರಲ್ಲಿ ಬಾಲಕಾರ್ಮಿಕ ನಿಯಂತ್ರಣ ಕಾಯಿದೆ ಬಂದಿತು; 2006ರ ಅಕ್ಟೋಬರ್ ತಿಂಗಳಿಂದ ಹದಿನಾಲ್ಕರ ಕೆಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದು ನಿಷಿದ್ಧವಾಯಿತು; 2016ರ ತಿದ್ದುಪಡಿಯು ಆ ನಿಷೇಧವನ್ನು ಬಹುತೇಕ ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿತು. ಹಿರಿಯರು ತಮ್ಮ ಬಾಲ್ಯವೆಂದು ನೆನೆಯುವುದು ಇಂದಿನ ಕಣ್ಣಿಗೆ ಒಂದು ಅಪರಾಧದ ವಿವರದಂತೆ ಕಾಣುತ್ತದೆ. ಅಷ್ಟೇ ಅಲ್ಲ, ಕಪ್ಪುಬಸಿ ತೊಳೆದ ಹುಡುಗನೇ ಮುಂದೆ ಮಾಲೀಕನಾಗಿ, ಊರಿಗೆ ಹೋದಾಗ ಬಡವರ ಮಕ್ಕಳನ್ನು ಕರೆತಂದು ಅದೇ ಕೆಲಸಕ್ಕೆ ಹಚ್ಚಿದ್ದುಂಟು. ಅದನ್ನಾತ ಉಪಕಾರವೆಂದೇ ತಿಳಿದಿದ್ದ. ಆ ಮಕ್ಕಳ ಹೆತ್ತವರೂ ಹಾಗೆಯೇ ತಿಳಿದಿದ್ದರು. ಒಂದು ಪ್ರಶ್ನೆಗೆ ಉತ್ತರಿಸಿದರೆ ಇನ್ನೊಂದು ಪ್ರಶ್ನೆ ಹುಟ್ಟುತ್ತದೆಂಬ ಅರಿವು ಇದ್ದವರು ಮೊದಲನೆಯದಕ್ಕೇ ಉತ್ತರಿಸುವುದಿಲ್ಲ. ಇಂಥ ಮೌನವನ್ನು ಮುರಿಯಲು ಬೇಕಾದದ್ದು ನ್ಯಾಯಾಧೀಶನ ಧ್ವನಿಯಲ್ಲ, ಕೇಳುವ ತಾಳ್ಮೆ.

ತಾಳ್ಮೆಯೊಂದಿಗೆ ಭಾಷೆಯೂ ಬೇಕು. ಹೊರನಾಡಿನ ಕನ್ನಡಿಗರು ವಿಶೇಷವಾಗಿ ಯೋಚಿಸಬೇಕಾದ ವಿಷಯವಿದು. ಒಂದು ಸಣ್ಣ ಉದಾಹರಣೆಯಿಂದ ಇದನ್ನು ವಿವರಿಸಬಹುದು. ಮಳೆಗಾಲದಲ್ಲಿ ಶಾಲೆಗೆ ಹೋಗುವ ದಾರಿಯಲ್ಲಿ ತೋಡು ದಾಟಬೇಕಾಗಿತ್ತೆಂದು ತಂದೆಯೊಬ್ಬ ಮಗಳಿಗೆ ಹೇಳುತ್ತಾನೆನ್ನಿ. ಆತನ ಮನಸ್ಸಿಗೆ ಬರುವ ಶಬ್ದ ‘ಸಂಕ’. ಮಗಳಿಗೆ ಆ ಶಬ್ದ ತಿಳಿಯದು. ತಂದೆ ಅದನ್ನು ‘ಬ್ರಿಜ್’ ಎನ್ನುತ್ತಾನೆ. ಮಗಳ ಕಣ್ಣಮುಂದೆ ಮೂಡುವುದು ಕಾಂಕ್ರೀಟಿನ ಸೇತುವೆ, ಅದರ ಎರಡೂ ಬದಿಗೆ ಕಟ್ಟೆ. ಸಂಕವೆಂದರೆ ತೋಡಿಗೆ ಅಡ್ಡವಾಗಿ ಹಾಕಿದ ಒಂದೆರಡು ಅಡಿಕೆ ಮರದ ಕಾಂಡ. ಹಿಡಿಯಲು ಕೈಯಾಸರೆಗೆ ಒಂದು ಬಿದಿರು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮಳೆಗೆ ನೆನೆದು ಪಾಚಿಗಟ್ಟಿದ ಆ ಮರದ ಮೇಲೆ, ಕೆಳಗೆ ಕೆಂಪುನೀರು ಭೋರ್ಗರೆಯುವಾಗ, ಎಂಟು ವರ್ಷದ ಹುಡುಗ ಬರಿಗಾಲಿನಲ್ಲಿ, ತಲೆಯ ಮೇಲೆ ಗೊರಬು, ಕಂಕುಳಲ್ಲಿ ಸ್ಲೇಟು ಇಟ್ಟುಕೊಂಡು ಹೆಜ್ಜೆ ಇಡುತ್ತಿದ್ದ. ‘ಬ್ರಿಜ್’ ಎಂಬ ಶಬ್ದದಲ್ಲಿ ಆ ಹೆದರಿಕೆ ಇಲ್ಲ. ಶಬ್ದ ಬದಲಾದೊಡನೆ ಅನುಭವವೇ ಬದಲಾಯಿತು. ಸ್ಲೇಟು ಒರೆಸಲು ಕಿತ್ತು ತರುತ್ತಿದ್ದ ನೀರುಕಡ್ಡಿ, ಬಿಸಿಲಿಗೆ ತೊಡುತ್ತಿದ್ದ ಹಾಳೆಯ ಮುಟ್ಟಾಳೆ, ಮುಳಿಹುಲ್ಲಿನ ಮಾಡು ಇವೆಲ್ಲವುಗಳ ಗತಿಯೂ ಇದೇ. ಪ್ರತಿಯೊಂದಕ್ಕೂ ವಿವರಣೆ ಕೊಡಬೇಕಾಗಿ ಬಂದಾಗ ಹೇಳುವವನಿಗೆ ಬೇಸರ ಬರುತ್ತದೆ. ‘ಬಿಡು, ಅದೆಲ್ಲ ಈಗ ಯಾಕೆ’ ಎಂದು ಆತ ಮಾತು ನಿಲ್ಲಿಸುತ್ತಾನೆ. ಮಕ್ಕಳು ಕನ್ನಡ ಕಲಿಯದಿದ್ದರೆ ಪಂಪ, ಕುಮಾರವ್ಯಾಸರನ್ನು ಓದಲಾರರೆಂದು ಹೊರನಾಡಿನಲ್ಲಿ ಆಗಾಗ ಕೊರಗುವುದುಂಟು. ಅದಕ್ಕಿಂತ ಹತ್ತಿರದ ನಷ್ಟವೆಂದರೆ ಅವರು ತಮ್ಮ ತಂದೆಯನ್ನೇ ಓದಲಾರರು.

ಈ ಬಾಲ್ಯಗಳು ಒಂದೇ ಭಾಷೆಯವೂ ಅಲ್ಲ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಾಪುರದ ಕನ್ನಡ. ಶಾಲೆಯಲ್ಲಿ ಪುಸ್ತಕದ ಕನ್ನಡ. ಮುಂಬಯಿಗೆ ಬಂದ ಮೇಲೆ ಹಿಂದಿ, ಮರಾಠಿ. ಅತ್ತದ್ದು ಒಂದು ಭಾಷೆಯಲ್ಲಿ, ಅಕ್ಷರ ಕಲಿತದ್ದು ಇನ್ನೊಂದರಲ್ಲಿ, ದುಡಿದದ್ದು ಮತ್ತೊಂದರಲ್ಲಿ. ಈ ಹೆಣಿಗೆಯೇ ಮುಂಬಯಿ ಕನ್ನಡಿಗನ ವ್ಯಕ್ತಿತ್ವ. ಅದರ ಎಳೆಗಳನ್ನು ಬಿಡಿಸಿ ನೋಡಲು ಮಕ್ಕಳಿಗೆ ಕನಿಷ್ಠಪಕ್ಷ ಮೊದಲೆರಡು ಭಾಷೆಗಳ ಪರಿಚಯವಾದರೂ ಇರಬೇಕಾಗುತ್ತದೆ.

ಕೇಳದೆ ಹೋದರೆ ಏನಾಗುತ್ತದೆಂಬುದಕ್ಕೆ ಆಟಿ ತಿಂಗಳ ಆಚರಣೆ ಒಳ್ಳೆಯ ನಿದರ್ಶನ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ತುಳುವರ ಆಟಿ, ಹಿಂದಿನ ಕಾಲದಲ್ಲಿ ವರ್ಷದ ಅತ್ಯಂತ ಕಷ್ಟದ ತಿಂಗಳು. ಕಣಜದ ಅಕ್ಕಿ ಮುಗಿದಿರುತ್ತಿತ್ತು, ಹೊಸ ಬೆಳೆ ಗದ್ದೆಯಲ್ಲಿರುತ್ತಿತ್ತು, ಬಿಡದ ಮಳೆಯಿಂದಾಗಿ ಕೂಲಿ ಕೆಲಸ ಇರುತ್ತಿರಲಿಲ್ಲ, ದೋಣಿಗಳು ಕಡಲಿಗಿಳಿಯುತ್ತಿರಲಿಲ್ಲ. ಆಗ ಮನೆಯನ್ನು ಕಾಪಾಡಿದ್ದು ಬೇಸಗೆಯಲ್ಲಿ ಕೂಡಿಟ್ಟ ಉಪ್ಪುನೀರಿನ ಹಲಸಿನ ಸೊಳೆ, ಹಲಸಿನ ಬೀಜದ ಸಾಂತಾಣಿ, ಹಪ್ಪಳ, ಒಣಮೀನು. ಬೇಲಿಬದಿಯ ಕೆಸುವಿನ ಎಲೆ ಮತ್ತು ತಗಟೆ ಸೊಪ್ಪು. ಇಂದು ಮುಂಬಯಿಯ ಸಭಾಗೃಹಗಳಲ್ಲಿ ಸಂಘಸಂಸ್ಥೆಗಳು ‘ಆಟಿಡೊಂಜಿ ದಿನ’ವನ್ನು ಸಂಭ್ರಮದಿಂದ ಆಚರಿಸುತ್ತವೆ. ಪತ್ರೊಡೆಯಿಂದ ಮೊದಲುಗೊಂಡು ಬಗೆಬಗೆಯ ತಿನಿಸುಗಳನ್ನು ಸಾಲಾಗಿ ಇಡುತ್ತಾರೆ. ಮಕ್ಕಳು ರುಚಿ ನೋಡಿ ಹೊಗಳುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಸಂಸ್ಕೃತಿ ಹೀಗೆಯೂ ಉಳಿಯುತ್ತದೆ. ಆದರೆ ಅದೇ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತ ಅಜ್ಜಿಯೊಬ್ಬಳು ತಗಟೆ ಸೊಪ್ಪಿನ ಪಲ್ಯವನ್ನು ಮುಟ್ಟದೆ ಬಿಟ್ಟರೆ ಅದೇಕೆಂದು ಯಾರೂ ಕೇಳುವುದಿಲ್ಲ. ಒಂದು ತಿಂಗಳು ಅದನ್ನೇ ತಿಂದು ಬದುಕಿದವಳಿಗೆ ಅದು ‘ವಿಶೇಷ ಖಾದ್ಯ’ವಲ್ಲ. ತಿನಿಸಿನ ರುಚಿ ಮಾತ್ರ ಮುಂದಿನ ತಲೆಮಾರಿಗೆ ದಾಟಿ, ಅದರ ಹಿಂದಿನ ಹಸಿವಿನ ಅರಿವು ದಾಟದೆ ಹೋದರೆ ಪರಂಪರೆಯು ಪ್ರದರ್ಶನದ ವಸ್ತುವಾಗುತ್ತದೆ.

ಅಜ್ಜಿಯ ಮಾತು ಬಂದಾಗ ಮತ್ತೊಂದು ಅನ್ಯಾಯವನ್ನೂ ಹೇಳಬೇಕು. ಅಲ್ಪಸ್ವಲ್ಪವಾದರೂ ವಿಚಾರಣೆಗೆ ಬಂದಿರುವುದು ತಂದೆಯ ಬಾಲ್ಯ. ತಾಯಿಯ ಬಾಲ್ಯವನ್ನು ಕೇಳಿದವರೇ ವಿರಳ. ಆಕೆ ಮದುವೆಯಾಗಿ ಮುಂಬಯಿಗೆ ಬಂದವಳು. ಆಕೆಯ ಚರಿತ್ರೆ ಗಂಡನ ಚರಿತ್ರೆಯ ಒಂದು ಉಪವಾಕ್ಯ. ವಾಸ್ತವದಲ್ಲಿ ಕರಾವಳಿಯ ಹೆಣ್ಣುಮಗುವಿನ ಬಾಲ್ಯಕ್ಕೆ ತನ್ನದೇ ಆದ ದುಡಿಮೆಯ ಇತಿಹಾಸವಿದೆ. ಕಿರಿಯ ತಮ್ಮತಂಗಿಯರನ್ನು ನೋಡಿಕೊಳ್ಳಲೆಂದು ನಾಲ್ಕನೆಯ ಅಥವಾ ಐದನೆಯ ತರಗತಿಗೆ ಶಾಲೆ ಬಿಟ್ಟವರು ಎಷ್ಟೋ ಮಂದಿ. ಬೀಡಿ ಉದ್ಯಮ ಹಬ್ಬಿದ ಮೇಲೆ ದಕ್ಷಿಣ ಕನ್ನಡದ ಸಾವಿರಾರು ಮನೆಗಳ ಜಗಲಿಯಲ್ಲಿ ತಾಯಂದಿರೊಂದಿಗೆ ಹೆಣ್ಣುಮಕ್ಕಳೂ ಬೀಡಿ ಕಟ್ಟಲು ಕುಳಿತರು. ಮಡಿಲಲ್ಲಿ ತಡಪೆ, ಅದರಲ್ಲಿ ನೆನೆಸಿ ಕತ್ತರಿಸಿದ ಎಲೆ, ಹೊಗೆಸೊಪ್ಪು, ನೂಲು. ಶಾಲೆಗೆ ಹೊರಡುವ ಮೊದಲು ಇಷ್ಟು, ಬಂದ ಮೇಲೆ ಇಷ್ಟು ಎಂಬ ಲೆಕ್ಕ. ಕಟ್ಟಿದ ಬೀಡಿಗಳನ್ನು ಬ್ರಾಂಚಿಗೆ ಒಯ್ದಾಗ ಗಿಡ್ಡವೆಂದೋ ಸಡಿಲವೆಂದೋ ಒಂದು ಭಾಗವನ್ನು ಪಕ್ಕಕ್ಕೆ ತೆಗೆದಿಡುವಾತನ ಕೈಯನ್ನೇ ನೋಡುತ್ತ ನಿಂತಿದ್ದ ಹುಡುಗಿಯ ನೆನಪು ಇಂದು ಅರುವತ್ತು ಎಪ್ಪತ್ತು ದಾಟಿದ ಅನೇಕ ತಾಯಂದಿರಲ್ಲಿ ಜೀವಂತವಾಗಿದೆ. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬಂದದ್ದು 1966ರಲ್ಲಿ. ಮನೆಯಲ್ಲಿ ಕುಳಿತು ಕಟ್ಟುವ ಮಗುವಿನ ಹೆಸರು ಕಂಪನಿಯ ಪುಸ್ತಕದಲ್ಲಿ ಇರುತ್ತಿರಲಿಲ್ಲ. ಆಕೆ ಕಟ್ಟಿದ ಬೀಡಿಯು ತಾಯಿಯ ಲೆಕ್ಕಕ್ಕೆ ಸೇರುತ್ತಿತ್ತು. ಅಣ್ಣನ ಮುಂಬಯಿ ಪ್ರಯಾಣದ ಖರ್ಚಿಗೆ ಆ ಹಣವೂ ಸೇರಿದ್ದಿರಬಹುದು. ಅಣ್ಣನ ಸಾಧನೆಗೆ ಅಭಿನಂದನ ಗ್ರಂಥವಿದೆ. ತಂಗಿಯ ಬೆರಳುಗಳಿಗೆ ಯಾವ ದಾಖಲೆಯೂ ಇಲ್ಲ. ಇರಬಹುದಾದ ಒಂದೇ ದಾಖಲೆ, ಆಕೆಯ ಮಕ್ಕಳು ಕೇಳಿ ಬರೆದಿಟ್ಟುಕೊಳ್ಳುವ ಮಾತು.

ಕೇಳುವವರು ಇನ್ನೊಂದಕ್ಕೂ ಸಿದ್ಧರಿರಬೇಕು. ಎಲ್ಲರ ಬಾಲ್ಯವೂ ಒಂದೇ ಬಗೆಯದಲ್ಲ. ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಅದಕ್ಕೆ ಮೊದಲಿನ ಕರಾವಳಿಯಲ್ಲಿ ಒಕ್ಕಲಿನ ಮನೆಯ ಹುಡುಗ, ತನ್ನವರೇ ಬೆಳೆದ ಅಕ್ಕಿಯು ಮುಡಿ ಕಟ್ಟಿಸಿಕೊಂಡು ಗೇಣಿಯಾಗಿ ಧಣಿಯ ಮನೆಗೆ ಹೋಗುವುದನ್ನು ನೋಡುತ್ತ ಬೆಳೆದ. ಧಣಿಯ ಮನೆಯ ಹುಡುಗ ಆ ಮುಡಿಗಳು ಅಂಗಳಕ್ಕೆ ಬಂದು ಬೀಳುವುದನ್ನು ನೋಡುತ್ತ ಬೆಳೆದ. ಅಂಗಳದಾಚೆಗೇ ನಿಂತು, ಒಳಗೆ ಬರುವ ಅಧಿಕಾರವಿಲ್ಲದೆ, ದೂರದಿಂದ ಎರೆದ ನೀರನ್ನು ಬೊಗಸೆಯಲ್ಲಿ ಕುಡಿದು ಬೆಳೆದ ಹುಡುಗನೂ ಇದ್ದ. ಮೂವರೂ ಮುಂಬಯಿಗೆ ಬಂದರು. ಮೂವರ ಮಕ್ಕಳೂ ಇಂದು ಒಂದೇ ಕಟ್ಟಡದ ಬೇರೆಬೇರೆ ಮಹಡಿಗಳಲ್ಲಿ ವಾಸವಾಗಿರಬಹುದು, ಒಂದೇ ಕಚೇರಿಯಲ್ಲಿ ದುಡಿಯುತ್ತಿರಬಹುದು. ‘ಊರು’ ಎಂಬ ಶಬ್ದವನ್ನು ಮೂವರೂ ಅಕ್ಕರೆಯಿಂದ ಆಡುತ್ತಾರೆ. ಆದರೆ ಹೆತ್ತವರನ್ನು ಕೇಳಿದವರಿಗೆ ಮಾತ್ರ ಆ ಊರುಗಳು ಬೇರೆಬೇರೆಯಾಗಿದ್ದುವೆಂಬುದು ತಿಳಿಯುತ್ತದೆ. ಧಣಿಯ ಮೊಮ್ಮಗಳಿಗೆ ತನ್ನ ಮನೆತನದ ವೈಭವದ ಇನ್ನೊಂದು ಮುಖ ಕಾಣಿಸಬಹುದು. ಅದು ಹಿತವಾದ ಅರಿವಲ್ಲ. ಹಾಗೆಂದು ಅದನ್ನು ತಪ್ಪಿಸಿಕೊಂಡರೆ ಊರಿನ ನೆನಪು ಹಸುರು ಗದ್ದೆ, ಯಕ್ಷಗಾನ, ಭೂತದ ಕೋಲಗಳ ಚಿತ್ರಪಟವಾಗಿ ಮಾತ್ರ ಉಳಿಯುತ್ತದೆ.

ಈ ವಿಚಾರವು ಕರಾವಳಿಯವರಿಗೆ ಮಾತ್ರ ಸೀಮಿತವಾದುದಲ್ಲ. 1970ರ ದಶಕದ ಆರಂಭದ ಭೀಕರ ಬರಗಾಲದಲ್ಲಿ ಬಿಜಾಪುರ, ಗುಲಬರ್ಗಾ ಕಡೆಯಿಂದ ಕುಟುಂಬಸಮೇತರಾಗಿ ದುಡಿಮೆ ಅರಸಿ ಹೊರಟವರಿದ್ದಾರೆ. ಅವರ ಮಕ್ಕಳ ಬಾಲ್ಯವು ಹಳ್ಳಿಯಲ್ಲಿ ಅರ್ಧ, ಮುಂಬಯಿ ಪುಣೆಗಳ ಕಟ್ಟಡದ ಕಾಮಗಾರಿಯ ಮರಳುರಾಶಿಯ ಮೇಲೆ ಅರ್ಧ ಕಳೆಯಿತು. ಅವರ ಪಾಲಿಗೆ ರಾತ್ರಿಶಾಲೆಯೂ ಇರಲಿಲ್ಲ, ಸಂಘವೂ ಇರಲಿಲ್ಲ, ಸ್ಮರಣ ಸಂಚಿಕೆಯೂ ಇರಲಿಲ್ಲ. ತಾವು ಕಟ್ಟಿದ ಕಟ್ಟಡದಲ್ಲಿ ತಮ್ಮ ಹೆಸರಿಲ್ಲದ ಇವರ ಚರಿತ್ರೆಗೆ ಮಕ್ಕಳ ಕಿವಿಯ ಹೊರತು ಬೇರೆ ಆಸರೆಯಿಲ್ಲ.

ಇಲ್ಲಿ ಸಾಹಿತ್ಯದ ಮಾತನ್ನೂ ಆಡಬೇಕಾಗಿದೆ. ಕನ್ನಡದಲ್ಲಿ ಬಾಲ್ಯದ ನೆನಪುಗಳಿಗೆ ಬರವಿಲ್ಲ. ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’, ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’, ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಇವುಗಳಲ್ಲಿ ಬೇರೆಬೇರೆ ನೆಲೆಯ ಬಾಲ್ಯಗಳು ಮೈದಳೆದಿವೆ. ಮುಂಬಯಿಯಲ್ಲಿದ್ದುಕೊಂಡೇ ಯಶವಂತ ಚಿತ್ತಾಲರು ತಮ್ಮ ಹುಟ್ಟೂರಾದ ಉತ್ತರ ಕನ್ನಡದ ಹನೇಹಳ್ಳಿಗೆ ಕಥೆಗಳ ಮೂಲಕ ಮತ್ತೆ ಮತ್ತೆ ಮರಳಿದರು. ವ್ಯಾಸರಾಯ ಬಲ್ಲಾಳರು ಇದೇ ನಗರದ ದುಡಿಯುವ ಜನರ ಬದುಕನ್ನು ‘ಬಂಡಾಯ’ ಕಾದಂಬರಿಯಲ್ಲಿ ತಂದರು. ಇವರೆಲ್ಲ ಬರೆಯಬಲ್ಲವರಾಗಿದ್ದರು. ತಮ್ಮನ್ನು ಯಾರಾದರೂ ಕೇಳಲೆಂದು ಅವರು ಕಾಯಬೇಕಾಗಿರಲಿಲ್ಲ. ಆದರೆ ಬರೆಯಲಾರದವರ ಬಾಲ್ಯವು ಕೇಳುವವರನ್ನು ಅವಲಂಬಿಸಿದೆ. ಅವರ ಆತ್ಮಕಥೆಯ ಲೇಖನಿ ಅವರ ಮಕ್ಕಳ ಕೈಯಲ್ಲಿದೆ.

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಹಳೆಯ ಗಾಯಗಳನ್ನು ಕೆದಕುವುದೇಕೆ ಎಂಬುದು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಹೇಳಲೊಲ್ಲದವರನ್ನು ಪೀಡಿಸುವ ಹಕ್ಕು ಮಕ್ಕಳಿಗೂ ಇಲ್ಲ. ತಾಯಿ ಒಂದು ಪ್ರಶ್ನೆಗೆ ಉತ್ತರಿಸದೆ ಎದ್ದು ಒಳಗೆ ಹೋದರೆ ಅದನ್ನೇ ಉತ್ತರವೆಂದು ತಿಳಿದು ಗೌರವಿಸಬೇಕು. ಆದರೆ ಕೇಳದೆ ಇರುವುದು ಗೌರವವಲ್ಲ. ಎಷ್ಟೋ ಹಿರಿಯರು ಹೇಳದಿರುವುದು ನೋವಿನಿಂದಲ್ಲ, ಯಾರಿಗೂ ಬೇಡವೆಂಬ ಭಾವನೆಯಿಂದ. ಎರಡನೆಯ ಆಕ್ಷೇಪ, ಮುದುಕರ ನೆನಪು ನಂಬಲರ್ಹವಲ್ಲ ಎಂಬುದು. ಇದೂ ಭಾಗಶಃ ನಿಜ. ಶಾಲೆಗೆ ಸೇರಿಸುವಾಗ ಮುಖ್ಯೋಪಾಧ್ಯಾಯರು ಅಂದಾಜಿನಿಂದ ಬರೆದ ಜೂನ್ 1ನ್ನೇ ಹುಟ್ಟಿದ ದಿನವಾಗಿ ಪಡೆದ ತಲೆಮಾರು ಅದು. ಆದರೆ ತಾರೀಖು ಗೊತ್ತಿಲ್ಲದವರಿಗೆ ಕಾಲ ಗೊತ್ತಿಲ್ಲವೆಂದಲ್ಲ. 1962ರ ಚೀನಾ ಯುದ್ಧ, 1964ರಲ್ಲಿ ನೆಹರೂ ತೀರಿಕೊಂಡ ಸುದ್ದಿ, 1974ರ ನೇತ್ರಾವತಿಯ ನೆರೆ, 1980ರ ಫೆಬ್ರವರಿಯ ಖಗ್ರಾಸ ಸೂರ್ಯಗ್ರಹಣ ಇಂಥ ಗುರುತುಗಳನ್ನು ಹಿಡಿದು ಕೇಳಿದರೆ ಅವರ ನೆನಪು ಅಚ್ಚರಿಪಡುವಷ್ಟು ಖಚಿತವಾಗಿರುತ್ತದೆ. ತಪ್ಪಿದ ತಾರೀಖನ್ನು ಮುಂದೆ ಸಂಶೋಧಕರು ಸರಿಪಡಿಸಬಲ್ಲರು. ಹೇಳದೆ ಹೋದ ಮಾತನ್ನು ಯಾವ ಸಂಶೋಧಕನೂ ಮರಳಿ ತರಲಾರ.

ಹೇಗೆ ಕೇಳಬೇಕೆಂಬುದೂ ಮುಖ್ಯ. ‘ನಿಮ್ಮ ಬಾಲ್ಯದ ಬಗ್ಗೆ ಹೇಳಿ’ ಎಂದು ಎದುರು ಕುಳಿತು ಕೇಳಿದರೆ ಬರುವುದು ವೇದಿಕೆಯ ಭಾಷಣ. ಸಣ್ಣ ವಸ್ತುವಿನಿಂದ ಆರಂಭಿಸಿದರೆ ಮಾತು ತಾನಾಗಿ ಬೆಳೆಯುತ್ತದೆ. ಮಂಚದ ಕೆಳಗಿನ ತಗಡಿನ ಟ್ರಂಕು, ಮೊಣಕಾಲಿನ ಮೇಲಿನ ಹಳೆಯ ಗಾಯದ ಗುರುತು, ಶಾಲೆ ಬಿಟ್ಟ ಪ್ರಮಾಣಪತ್ರ, ಮೊದಲ ಸಂಬಳದ ಮನಿಯಾರ್ಡರಿನ ರಸೀದಿ ಇವುಗಳಲ್ಲಿ ಒಂದನ್ನು ತೋರಿಸಿ ಕೇಳಬಹುದು. ತಾಯಿ ತೆಂಗಿನಕಾಯಿ ತುರಿಯುವಾಗ, ಸೊಪ್ಪು ಬಿಡಿಸುವಾಗ ಪಕ್ಕದಲ್ಲಿ ಕುಳಿತು ಕೈಜೋಡಿಸಿದರೆ ಅರ್ಧ ಪ್ರಶ್ನೆ ಕೇಳಿದಂತಾಗುತ್ತದೆ. ಕೈ ಕೆಲಸದಲ್ಲಿರುವಾಗ ನಾಲಗೆಯ ಬಿಗಿ ಸಡಿಲುತ್ತದೆ. ತಂದೆಯೊಂದಿಗೆ ಒಂದು ಭಾನುವಾರ ಕೋಟೆಯ ಗಲ್ಲಿಗಳಲ್ಲಿ ನಡೆದುಬಂದರೆ, ಆತ ಮಲಗುತ್ತಿದ್ದ ಹೋಟೆಲು ಈಗ ಬೇರೇನೋ ಅಂಗಡಿಯಾಗಿದ್ದರೂ, ಹೊಸ್ತಿಲಿನ ಮುಂದೆ ನಿಂತಾಗ ಮಾತು ಹೊರಡುತ್ತದೆ. ಏನು ತಿಂದಿರಿ, ಯಾರ ಜೊತೆ ಮಲಗಿದಿರಿ, ಯಾರಿಗೆ ಹೆದರುತ್ತಿದ್ದಿರಿ, ಊರಿಗೆ ಮೊದಲ ಸಲ ಮರಳಿದಾಗ ಅಮ್ಮ ಏನೆಂದರು ಇಷ್ಟು ಕೇಳಿದರೆ ಸಾಕು. ಇಂದು ಪ್ರತಿಯೊಬ್ಬರ ಕಿಸೆಯಲ್ಲಿಯೂ ಧ್ವನಿ ಮುದ್ರಿಸಬಲ್ಲ ಫೋನು ಇದೆ. ಅನುಮತಿ ಪಡೆದು ಮುದ್ರಿಸಿಕೊಂಡರೆ ಮಾತಿನೊಂದಿಗೆ ಧ್ವನಿಯೂ ಆ ಊರಿನ ಉಚ್ಚಾರವೂ ಉಳಿಯುತ್ತವೆ.

ಮನೆಯಲ್ಲಿ ಆರಂಭವಾದ ಈ ಕೆಲಸಕ್ಕೆ ಸಂಸ್ಥೆಗಳು ನೆಲೆ ಒದಗಿಸಬೇಕು. ಹೊರನಾಡಿನ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ತಮ್ಮ ವಿದ್ಯಾರ್ಥಿಗಳಿಂದ ಪ್ರತಿವರ್ಷ ಹೆತ್ತವರಲ್ಲಿ ಅಥವಾ ನೆರೆಮನೆಯ ಹಿರಿಯರಲ್ಲಿ ಒಬ್ಬರ ಬಾಲ್ಯವನ್ನು ಕೇಳಿ ಬರೆಯಿಸುವ ಪರಿಪಾಠವನ್ನು ಇಟ್ಟುಕೊಂಡರೆ, ಹತ್ತು ವರ್ಷಗಳಲ್ಲಿ ಬೇರೆಲ್ಲಿಯೂ ದೊರಕದ ಒಂದು ಸಂಪುಟ ಸಿದ್ಧವಾದೀತು. ಸಂಘಗಳು ತಮ್ಮ ಸ್ಮರಣ ಸಂಚಿಕೆಗಳಲ್ಲಿ ಅಧ್ಯಕ್ಷರ ಭಾವಚಿತ್ರಗಳಿಗೆ ಮೀಸಲಿಡುವ ಪುಟಗಳಲ್ಲಿ ನಾಲ್ಕನ್ನು ಹೆಸರಿಲ್ಲದ ತಾಯಂದಿರ ಬಾಲ್ಯಕ್ಕೆ ಬಿಟ್ಟುಕೊಟ್ಟರೆ ನಷ್ಟವೇನೂ ಆಗದು. ಕನ್ನಡ ಕಲಿಕೆಯ ತರಗತಿಗಳಲ್ಲಿ ಮಕ್ಕಳಿಗೆ ಕೊಡಬಹುದಾದ ಅತ್ಯುತ್ತಮ ಅಭ್ಯಾಸವೂ ಇದೇ: ಮನೆಗೆ ಹೋಗಿ ಅಜ್ಜನಿಂದ ಅಥವಾ ಅಜ್ಜಿಯಿಂದ ಒಂದು ಹೊಸ ಶಬ್ದವನ್ನು ಅದರ ಕಥೆಯೊಂದಿಗೆ ತರುವುದು. ಭಾಷೆಯನ್ನು ಕಲಿಯುವುದಕ್ಕೆ ಕಾರಣವೇನೆಂದು ಮಕ್ಕಳು ಕೇಳಿದರೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಇದಕ್ಕೆಲ್ಲ ಕಾಲಾವಕಾಶ ಹೆಚ್ಚಿಲ್ಲ. ಮುಪ್ಪು ಮುಂದುವರಿದಂತೆ ಹಿರಿಯರಲ್ಲಿ ನಿನ್ನೆಯ ನೆನಪು ಮೊದಲು ಅಳಿದು, ಬಾಲ್ಯದ ನೆನಪು ಕೊನೆಯವರೆಗೂ ಉಳಿಯುವುದನ್ನು ಮನೆಮನೆಗಳಲ್ಲಿ ಕಾಣಬಹುದು. ನಡುವೆ ಕಲಿತ ಹಿಂದಿ, ಮರಾಠಿ, ಇಂಗ್ಲಿಷುಗಳು ಒಂದೊಂದಾಗಿ ಕಳಚಿಬಿದ್ದು, ತೊಟ್ಟಿಲಿನಲ್ಲಿ ಕೇಳಿದ ಭಾಷೆಯೊಂದೇ ಉಳಿಯುವುದುಂಟು. ಐವತ್ತು ಅರುವತ್ತು ವರ್ಷ ಮುಂಬಯಿಯಲ್ಲಿ ಬದುಕಿದ ತಂದೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ‘ಸಂಕ ಜಾರುತ್ತದೆ, ಮೆಲ್ಲಗೆ ಬಾ’ ಎಂದರೆ, ಪಕ್ಕದಲ್ಲಿ ಕುಳಿತ ಮಗಳಿಗೆ ಅದು ಜ್ವರದ ಬಡಬಡಿಕೆ ಎನಿಸಬಾರದು. ತಂದೆ ಎಲ್ಲಿದ್ದಾನೆ, ಯಾರ ಕೈ ಹಿಡಿದಿದ್ದಾನೆ, ಯಾವ ತೋಡನ್ನು ದಾಟುತ್ತಿದ್ದಾನೆ ಎಂಬುದು ಆಕೆಗೆ ತಿಳಿಯಬೇಕು. ಅದು ತಿಳಿಯಬೇಕಾದರೆ ಆಕೆ ಬಹಳ ಮೊದಲೇ, ಒಂದು ಬಿಡುವಿನ ಸಂಜೆ, ಅವನದೇ ಭಾಷೆಯಲ್ಲಿ ಕೇಳಿರಬೇಕು.